ಶರಣವ್ವನವರು ನೀರು ಕುಡಿದು ವಿಮಾನ ಹತ್ತಿದ್ದು

ಅಕ್ಕತಂಗಿಯರೇ, ಮೊದಲು ಒಂದು ಮಾತು ಕೇಳುತ್ತೇನೆ, ನಿಜ ಹೇಳಬೇಕು. ಮದುವೆಗೋ ಗೃಹಪ್ರವೇಶಕ್ಕೋ ದೂರದ ಬಸ್ಸು ಹತ್ತುವ ದಿನ ನೀವು ಬೆಳಗ್ಗೆ ನೀರು ಕುಡಿಯುತ್ತೀರಾ? ಇಲ್ಲ. ನಾನೂ ಕುಡಿಯುತ್ತಿರಲಿಲ್ಲ. ಡ್ರೈವರಣ್ಣ ಎಲ್ಲಿ ನಿಲ್ಲಿಸುತ್ತಾನೋ, ನಿಲ್ಲಿಸಿದ ಕಡೆ ಮರೆ ಇರುತ್ತದೋ ಇಲ್ಲವೋ, ಯಾರನ್ನು ಕೇಳುವುದು ಎಂಬ ಚಿಂತೆ. ಅದಕ್ಕೆ ನಮ್ಮ ಹೆಂಗಸರು ಕಂಡುಕೊಂಡ ಉಪಾಯ ಒಂದೇ, ಬಾಯಿ ಕಟ್ಟುವುದು. ಗಂಡಸರು ಇದನ್ನು ಗಮನಿಸುವುದೇ ಇಲ್ಲ. ಗಮನಿಸಿದವರು "ನಮ್ಮವಳು ಎಷ್ಟ್ ಹೊತ್ತಾದ್ರೂ ತಡ್ಕೋತಾಳೆ" ಎಂದು ಹೆಮ್ಮೆ ಪಡುತ್ತಾರೆ. ತಡೆದುಕೊಳ್ಳುವುದರಲ್ಲಿ ಏನು ಹೆಮ್ಮೆಯೋ, ನನಗಂತೂ ಇಷ್ಟು ವರ್ಷವಾದರೂ ತಿಳಿದಿಲ್ಲ.

ಈಗ ಹೇಳುವುದು ಯಲಹಂಕ ಉಪನಗರದ ನಮ್ಮ ಬೀದಿಯಲ್ಲಿ ಎಂಬತ್ತಾರನೇ ಇಸವಿಯಲ್ಲಿ ನಡೆದ ಸಂಗತಿ.

ಶರಣವ್ವನವರು ರೋಣದ ಕಡೆಯ ಹಳ್ಳಿಯವರು. ಅರವತ್ತೆಂಟು ವರ್ಷ. ಮಗ ಗುರುಪಾದಪ್ಪ ನಮ್ಮ ಎದುರು ಮನೆಯವನು, ಇಲ್ಲಿನ ರೈಲ್ವೆ ಗಾಲಿ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ಮಗಳು ದಾನವ್ವ ಇರುವುದು ಆಫ್ರಿಕಾ ಖಂಡದ ಜಾಂಬಿಯಾ ದೇಶದಲ್ಲಿ. ಅವಳ ಗಂಡ ಅಲ್ಲಿ ಶಾಲೆಯ ಲೆಕ್ಕದ ಮೇಷ್ಟ್ರು. ದಾನವ್ವ ಆಗ ಏಳು ತಿಂಗಳ ಬಸುರಿ. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಹಾಗಾಗಿ ಅಲ್ಲಿನ ಡಾಕ್ಟರು ಈ ಸಲ ಹಾಸಿಗೆ ಬಿಟ್ಟು ಏಳಬೇಡ, ಊರಿಗೆ ಹೋಗುವ ಮಾತೇ ಎತ್ತಬೇಡ ಎಂದಿದ್ದರು. ಚೊಚ್ಚಲ ಬಾಣಂತನಕ್ಕೆ ಮಗಳು ತವರಿಗೆ ಬರುವುದು ನಮ್ಮಲ್ಲಿ ನಡೆದು ಬಂದದ್ದು. ಬರಲಾರದ ಮಗಳು ಅಣ್ಣನಿಗೆ ಹೇಳಿ ಕಳಿಸಿದ್ದು ಒಂದೇ ಮಾತು, "ಅವ್ವ ಬಂದ್ರ ನನಗ ಧೈರ್ಯ." ಶರಣವ್ವನವರು ಎರಡು ಮಾತಾಡದೆ ಒಪ್ಪಿದರು. ಮಗಳು ತವರಿಗೆ ಬರದಿದ್ದರೆ ತವರೇ ಮಗಳ ಹತ್ತಿರ ಹೋಗಬೇಕು, ಅದರಲ್ಲಿ ಯೋಚನೆ ಮಾಡುವುದೇನಿದೆ?

ಗುರುಪಾದಪ್ಪ ತಾನೇ ಕರೆದುಕೊಂಡು ಹೋಗುವುದು ಎಂದು ತೀರ್ಮಾನವಾಯಿತು. ಅವನು ಊರೆಲ್ಲ ಅಲೆದು ಅಗ್ಗದ ಟಿಕೆಟ್ಟು ಹುಡುಕಿದ. ಅಗ್ಗ ಅಂದಮೇಲೆ ದಾರಿ ಸುತ್ತು. ಬೊಂಬಾಯಿ ತನಕ ರೈಲು, ಅಲ್ಲಿಂದ ನೈರೋಬಿಗೆ ವಿಮಾನ, ನೈರೋಬಿಯಲ್ಲಿ ಅರ್ಧ ದಿನ ಕಾಯುವುದು, ಆಮೇಲೆ ಮತ್ತೊಂದು ವಿಮಾನ ಲುಸಾಕಾಗೆ. ಮೊಣಕಾಲು ಮುಂದಿನ ಸೀಟಿಗೆ ತಾಗುವಷ್ಟು ಇಕ್ಕಟ್ಟು ಎಂದು ಟಿಕೆಟ್ಟು ಮಾರಿದವನೇ ಹೇಳಿದ್ದ.

ಅವ್ವನನ್ನು ಊರಿಂದ ಕರೆತರಲು ಗುರುಪಾದಪ್ಪ ಹೋದ. ಇಬ್ಬರೂ ಹುಬ್ಬಳ್ಳಿ ಗಾಡಿಯಲ್ಲಿ ಬಂದರು. ಯಶವಂತಪುರ ಸ್ಟೇಷನ್ನಿನಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕಿದ್ದರೋ ಇಲ್ಲವೋ, ಶರಣವ್ವನವರು ತಮ್ಮ ಟ್ರಂಕಿನ ಮೇಲೇ ಕುಸಿದು ಬಿದ್ದರು. ಕಣ್ಣು ಮೇಲೆ ಹೋಗಿತ್ತು, ಕಾಲು ಊದಿ ಕಾಲುಂಗುರ ಬೆರಳಿಗೆ ಕಚ್ಚಿಕೊಂಡಿತ್ತು. ಪಕ್ಕದ ನರ್ಸಿಂಗ್ ಹೋಮಿನಲ್ಲಿ ಡ್ರಿಪ್ ಹಾಕಿದರು. ಅಲ್ಲಿನ ಡಾಕ್ಟರು ಗುರುಪಾದಪ್ಪನನ್ನು ಒಂದೇ ಪ್ರಶ್ನೆ ಕೇಳಿದರು, "ಇವರು ನೀರು ಕುಡಿದು ಎಷ್ಟ್ ಹೊತ್ತಾಯ್ತು?" ಅವನಿಗೆ ಗೊತ್ತಿರಲಿಲ್ಲ. ಅವ್ವನ ಪಕ್ಕದಲ್ಲೇ ಕೂತು ಬಂದಿದ್ದ, ಆದರೂ ಗೊತ್ತಿರಲಿಲ್ಲ.

ಮಾರನೇ ದಿನ ಅವರನ್ನು ಮನೆಗೆ ಕರೆತಂದ ಮೇಲೆ ನಾನು ನೋಡಲು ಹೋದೆ. ಶರಣವ್ವನವರು ಗೋಡೆಗೆ ಒರಗಿ ಕೂತಿದ್ದರು. ಮುಖ ಬಾಡಿದ್ದರೂ ಮಾತು ಬಾಡಿರಲಿಲ್ಲ.

"ನಂದೇನೂ ತಪ್ಪಿಲ್ಲವ್ವ," ಎಂದರು. "ನಾ ಹಿಂದಿನ ದಿನದಿಂದ ಬಾಯಿ ಕಟ್ಟಿದ್ದೆ. ಅರಸೀಕೆರ್ಯಾಗ ಇವ ಬಲವಂತಲೆ ಒಂದ ಗುಟುಕು ಚಾ ಕುಡಿಸಿದ. ಅದ ಕೆಟ್ಟದ್ದು. ವಿಮಾನಕ್ಕ ಹೋಗೂಮುಂದ ಅದೂ ಬ್ಯಾಡ. ಪೂರಾ ಒಣಾ ಹೋಗತೀನಿ."

ಕೇಳಿದಿರಾ? ನೀರಿಲ್ಲದೆ ಬಿದ್ದವರು, ಚಹಾ ಕುಡಿದದ್ದಕ್ಕೆ ಬಿದ್ದೆ ಎನ್ನುತ್ತಾರೆ. ರೋಗಕ್ಕೊಂದು ಮದ್ದು, ಇವರು ಮದ್ದನ್ನೇ ರೋಗ ಮಾಡಿದ್ದರು.

ಗುರುಪಾದಪ್ಪ ಬಾಗಿಲಲ್ಲಿ ನಿಂತಿದ್ದ. "ನೋಡಿದ್ರಾ ಮೇಡಂ? ರೈಲಿಗೇ ಹಿಂಗಾದ್ರೆ ವಿಮಾನದಲ್ಲಿ ಏನ್ ಗತಿ? ಮ್ಯಾಲೆ ಹೋದ್ಮೇಲೆ ಡಾಕ್ಟರನ್ನ ಎಲ್ಲಿಂದ ತರ್ಲಿ? ನಾನು ಟಿಕೆಟ್ಟು ಕ್ಯಾನ್ಸಲ್ ಮಾಡಿಸ್ತೀನಿ. ದಾನವ್ವಗೆ ಅಲ್ಲೇ ಯಾರ್ನಾದ್ರೂ ನೋಡ್ಕೊಳ್ಳಿ ಅಂತ ಹೇಳಿದ್ರಾಯ್ತು."

"ಕ್ಯಾನ್ಸಲ್ ಅಂದ್ರ?" ಎಂದು ಅವ್ವ ಕೇಳಿದರು.

"ಹೋಗೂದು ಬ್ಯಾಡ ಅಂತ."

ಶರಣವ್ವನವರು ಗೋಡೆ ಕಡೆ ಮುಖ ತಿರುಗಿಸಿ ಸೆರಗು ಎಳೆದುಕೊಂಡರು. ಅಳುವುದು ಕಾಣಬಾರದು ಎಂದು. ಆ ಮಗಳು ಅಲ್ಲಿ ಹಾಸಿಗೆಯಲ್ಲಿ ಮಲಗಿ ಬಾಗಿಲು ನೋಡುತ್ತಿದ್ದಾಳೆ, ಈ ತಾಯಿ ಇಲ್ಲಿ ಗೋಡೆ ನೋಡುತ್ತಿದ್ದಾರೆ.

ನಾನು ಸೀದಾ ಗಂಗಾದೇವಿಯ ಮನೆಗೆ ಹೋದೆ. ಗಂಗಾದೇವಿ ನಮ್ಮ ಸರ್ಕಾರಿ ಆರೋಗ್ಯ ಕೇಂದ್ರದ ನರ್ಸು, ನಮ್ಮ ಮಹಿಳಾ ಮಂಡಲದ ಸದಸ್ಯೆ. ಹಿಂದೆ ಕುವೈತಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಬಂದವಳು, ವಿಮಾನ ಅವಳಿಗೆ ಹೊಸದಲ್ಲ. ಯಾರಾದರೂ ಮಾತಾಡುವಾಗ ಮಧ್ಯೆ ಬಾಯಿ ಹಾಕುವುದಿಲ್ಲ, ಅದೊಂದು ಗುಣ ನನಗೂ ಇದ್ದಿದ್ದರೆ ಚೆನ್ನಾಗಿತ್ತು.

ಗಂಗಾದೇವಿ ಬಂದು ನಾಡಿ ನೋಡಿದಳು, ಬಿ.ಪಿ. ನೋಡಿದಳು. "ಅವ್ವಾ, ನೀರು ಯಾಕೆ ಕುಡಿಯಲ್ಲ?" ಎಂದು ಕೇಳಿದಳು.

"ನನಗ ನೀರಡಿಕಿ ಆಗಂಗಿಲ್ಲ."

"ಮನೇಲಿ ಕುಡೀತೀರಲ್ಲ?"

"ಮನ್ಯಾಗ ಕುಡೀತೀನಿ. ಹಾದ್ಯಾಗ ಆಗಂಗಿಲ್ಲ."

ಗುರುಪಾದಪ್ಪ ಸಿಡುಕಿದ. "ಸಿಸ್ಟರ್, ಹಟ ಅದು. ನಾಚಿಕೆ. ಎಷ್ಟ್ ಬೈದ್ರೂ ಅಷ್ಟೇ."

"ಬೈದಿದ್ದೀರಿ, ಸರಿ. ಯಾಕೆ ಅಂತ ಕೇಳಿದೀರಾ?" ಎಂದಳು ಗಂಗಾದೇವಿ. ಅವತ್ತು ಅವ್ವ ಬಾಯಿ ಬಿಡಲಿಲ್ಲ. ಗಂಗಾದೇವಿಯೂ ಒತ್ತಾಯ ಮಾಡಲಿಲ್ಲ.

ನಿಜ ಹೊರಬಿದ್ದದ್ದು ಎರಡು ದಿನ ಬಿಟ್ಟು, ತಾರಸಿಯ ಮೇಲೆ. ಬಿಸಿಲಿಗೆ ಶರಣವ್ವನವರು ಸಂಡಿಗೆ ಹಾಕಿದ್ದರು. ಜೊತೆಗೆ ನಾನು, ಗಂಗಾದೇವಿ, ಇನ್ನು ಅಲ್ಲಾಳಸಂದ್ರದಿಂದ ಹಾಲು ತರುವ ಮುನಿಕೃಷ್ಣಮ್ಮ. ನಮ್ಮ ಯಲಹಂಕದಲ್ಲಿ ವಾಯುಪಡೆಯ ವಿಮಾನಗಳು ತಲೆ ಮೇಲೆ ಹಾರುವುದು ಹೊಸದೇನಲ್ಲ, ನಾವು ಯಾರೂ ಕತ್ತೆತ್ತಿ ನೋಡುವುದೂ ಇಲ್ಲ. ಒಂದು ವಿಮಾನ ಸದ್ದು ಮಾಡುತ್ತ ಬಂತು. ಶರಣವ್ವನವರು ಊದಿದ ಕಾಲಿನಲ್ಲೇ ದಡಬಡನೆ ಎದ್ದು, ಒಂದು ಹಳೆ ಸೀರೆ ಎಳೆದು ಸಂಡಿಗೆಯ ಮೇಲೆಲ್ಲ ಮುಚ್ಚಿದರು. ವಿಮಾನ ಹೋಯಿತು. ಸೀರೆ ತೆಗೆದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು. ಮತ್ತೆ ಮುಚ್ಚಿದರು.

ಮುನಿಕೃಷ್ಣಮ್ಮ ಬಾಯಿ ಮೇಲೆ ಸೆರಗಿಟ್ಟುಕೊಂಡು ನಕ್ಕಳು. "ಅದ್ಯಾಕ್ ಶರಣವ್ವನೋರೇ, ಇಮಾನ ಬಂದ್ರೆ ಸಂಡಿಗೆ ಮುಚ್ತೀರಾ? ಅದೇನ್ ಕಾಗೇನಾ, ಕಚ್ಕೊಂಡ್ ಓಗಕ್ಕೆ?"

"ಕಾಗಿ ಆಗಿದ್ರ ಓಡಸತಿದ್ದೆ," ಎಂದರು ಶರಣವ್ವ. "ಮ್ಯಾಲಿಂದ ಬೀಳ್ತದಲ್ಲವ್ವ, ಹೊಲಸು."

"ಯಾವ ಹೊಲಸು?" ಗಂಗಾದೇವಿ ಮೆಲ್ಲಗೆ ಕೇಳಿದಳು.

ಶರಣವ್ವನವರು ಮುಚ್ಚಿದ್ದ ಸೀರೆ ತೆಗೆದು ಮಡಚಿದರು. ಆಮೇಲೆ ಹೇಳಿದರು.

"ನಮ್ಮ ತಮ್ಮ ರೈಲ್ವೇದಾಗ ಗ್ಯಾಂಗಮನ್ ಇದ್ದ. ಹಳಿ ಮ್ಯಾಲೆ ನಡಿಯೂ ಕೆಲಸ. ಸಂಜೀಕ ಮನಿಗೆ ಬಂದ ಕೂಡಲೆ ಒಳಗ ಬರತಿರಲಿಲ್ಲ. ಬಾವ್ಯಾಗ ನೀರ ಸೇದಿ ಮೈ ಕೈ ಅರಬಿ ಎಲ್ಲಾ ತೊಳಕೊಂಡ ಬರತಿದ್ದ. 'ಅಕ್ಕಾ, ಗಾಡ್ಯಾಗ ಹೋಗೂ ಮಂದಿ ನಮ್ಮ ತಲೀ ಮ್ಯಾಲೆ ಹೋಗ್ತಾರ' ಅಂತಿದ್ದ. ಅವತ್ತಿಂದ ನಾ ಗಾಡ್ಯಾಗ ಬಾಯಿ ಕಟ್ಟತೀನಿ. ಈಗ ವಿಮಾನ. ಗಾಡಿಗೆ ಕೆಳಗ ಹಳಿಯರ ಅದಾವ. ವಿಮಾನಕ್ಕ ಎಲ್ಲಿ ಅದಾವ ಹಳಿ? ಅದು ಎಲ್ಲಿ ಬೀಳಬೇಕು? ಯಾರದೋ ಅಂಗಳದಾಗ ಬೀಳ್ತದ, ಉಣ್ಣೂ ಗಂಗಾಳದಾಗ ಬೀಳ್ತದ, ಗುಡಿ ಕಳಸದ ಮ್ಯಾಲೆ ಬೀಳ್ತದ. ಅಷ್ಟೆಲ್ಲಾ ಮಾಡಿ ಹೋಗಿ, ಯಾವ ಕೈಲೆ ಮಗಳ ಕೂಸಿನ ಎತ್ತಿಕೊಳ್ಳಲಿ?"

ಮುನಿಕೃಷ್ಣಮ್ಮನ ನಗು ನಿಂತುಹೋಯಿತು. ನನ್ನದೂ. ನಾವೆಲ್ಲ ಇದನ್ನು ನಾಚಿಕೆ ಎಂದುಕೊಂಡಿದ್ದೆವು, ಹಟ ಎಂದುಕೊಂಡಿದ್ದೆವು. ಕಾಣದ ಜನರ ತಲೆಯ ಮೇಲೆ ಹೊಲಸು ಬೀಳಬಾರದು ಎಂದು ಆ ಹಿರಿಯ ಜೀವ ಗಂಟಲು ಒಣಗಿಸಿಕೊಂಡು ಬಂದಿತ್ತು. ನನಗೆ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಬೇಕು ಅನ್ನಿಸಿತು.

ಗಂಗಾದೇವಿ ನಗಲಿಲ್ಲ. ಅವರ ಪಕ್ಕದಲ್ಲೇ ಕೂತಳು. "ಅವ್ವಾ, ನೀವು ಕೇಳಿದ್ದು ನ್ಯಾಯವಾದ ಮಾತು. ರೈಲಲ್ಲಿ ನೀವು ಹೇಳಿದ ಹಾಗೇ ಆಗುತ್ತೆ. ಆದ್ರೆ ವಿಮಾನದಲ್ಲಿ ಹಾಗಿಲ್ಲ. ಅದರ ಹೊಟ್ಟೆಯೊಳಗೆ ಒಂದು ದೊಡ್ಡ ಟ್ಯಾಂಕ್ ಇರುತ್ತೆ. ಎಲ್ಲಾ ಅದರೊಳಗೇ ಹೋಗುತ್ತೆ. ವಿಮಾನ ಇಳಿದ ಮೇಲೆ ಒಂದು ಗಾಡಿ ಬಂದು ದಪ್ಪ ಪೈಪ್ ಹಾಕಿ ಎಳ್ಕೊಂಡು ಹೋಗುತ್ತೆ. ಒಂದು ಹನಿ ಕೆಳಗೆ ಬೀಳಲ್ಲ."

"ನೀ ಕಣ್ಣಾರೆ ನೋಡೀ ಏನ?"

"ಕುವೈತಲ್ಲಿ ಕಿಟಕಿಯಿಂದ ನೋಡಿದೀನಿ, ಅವ್ವಾ."

"ಆಣಿ ಮಾಡು."

"ನಾನು ತಿನ್ನೋ ಅನ್ನದ ಆಣೆ."

ಶರಣವ್ವನವರು ಗಂಗಾದೇವಿಯ ಮುಖ ನೋಡಿದರು, ಆಕಾಶ ನೋಡಿದರು. ಪಕ್ಕದಲ್ಲಿದ್ದ ತಂಬಿಗೆ ಎತ್ತಿ ಗಟಗಟನೆ ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು, "ಇದನ್ನ ಮೊದಲ ಯಾಕ ಯಾರೂ ಹೇಳಲಿಲ್ಲ?" ಎಂದರು. ಉತ್ತರ ಸುಲಭ. ಯಾರೂ ಕೇಳಿರಲಿಲ್ಲ.

ಇಷ್ಟಾದರೂ ಗುರುಪಾದಪ್ಪ ಒಪ್ಪಲಿಲ್ಲ. ಸಂಜೆ ಅವನ ಮನೆಯ ಹಜಾರದಲ್ಲಿ ದೊಡ್ಡ ವಾದವೇ ನಡೆಯಿತು.

"ನೀರು ಕುಡಿದುಬಿಟ್ರೆ ಮುಗೀತಾ ಸಿಸ್ಟರ್? ಅಷ್ಟ್ ಹೊತ್ತು ಕೂರ್ಬೇಕು. ಕಾಲು ಊದುತ್ತೆ."

"ಸುಮ್ನೆ ಕೂತ್ರೆ ಊದುತ್ತೆ. ಬರೀ ಊತ ಆದ್ರೆ ಪರವಾಗಿಲ್ಲ, ತುಂಬ ಹೊತ್ತು ಕಾಲಾಡಿಸದೆ ಕೂತ್ರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಲೂಬಹುದು. ಅದು ಅಪಾಯ. ಅದಕ್ಕೇ ಆಗಾಗ ಎದ್ದು ಸೀಟುಗಳ ಮಧ್ಯದ ದಾರೀಲಿ ಓಡಾಡ್ಬೇಕು. ಕೂತಲ್ಲೂ ಪಾದ ಆಡಿಸ್ತಿರ್ಬೇಕು."

"ಜನ ನೋಡಿದ್ರೆ ಏನಂತಾರೆ?"

"ಕಾಲಿರೋರು ಓಡಾಡ್ತಾರೆ ಅಂತಾರೆ."

"ಮಾತ್ರೆ ಎಲ್ಲಾ ಟ್ರಂಕಲ್ಲಿ ಭದ್ರವಾಗಿ ಇಟ್ಟಿದೀನಿ," ಎಂದ ಗುರುಪಾದಪ್ಪ, ಇದರಲ್ಲಾದರೂ ಗೆಲ್ಲೋಣ ಎಂದು.

"ಅಲ್ಲೇ ಎಡವಿದ್ರಿ. ಟ್ರಂಕು ವಿಮಾನದ ಹೊಟ್ಟೆಗೆ ಹೋಗುತ್ತೆ, ಇಳಿಯೋ ತನಕ ಕೈಗೆ ಸಿಗಲ್ಲ. ಒಂದೊಂದ್ ಸಲ ಟ್ರಂಕು ಒಂದೂರಿಗೆ, ನೀವು ಇನ್ನೊಂದೂರಿಗೆ. ಬಿ.ಪಿ. ಮಾತ್ರೆ, ಡಾಕ್ಟರ ಚೀಟಿ ಎರಡೂ ಅವ್ವನ ಕೈಚೀಲದಲ್ಲಿರ್ಲಿ. ಇನ್ನೊಂದು, ಟಿಕೆಟ್ಟಿನೋರಿಗೆ ಮೊದಲೇ ಹೇಳಿ, ಗಾಲಿ ಕುರ್ಚಿ ಬೇಕು ಅಂತ. ಆ ನಿಲ್ದಾಣಗಳು ಸಂತೆ ಬಯಲಿಗಿಂತ ದೊಡ್ಡವು, ಅವ್ವ ಅಷ್ಟು ನಡೆಯೋದು ಕಷ್ಟ."

"ಗಾಲಿ ಕುರ್ಚೀನಾ? ಬೇಡ ಸಿಸ್ಟರ್. ನೋಡಿದೋರು ನಮ್ಮವ್ವಂಗೆ ಏನೋ ದೊಡ್ಡ ಕಾಯಿಲೆ ಅಂದ್ಕೋತಾರೆ."

ಹಾಲಿನ ಪಾತ್ರೆ ಇಸಿದುಕೊಳ್ಳಲು ನಿಂತಿದ್ದ ಮುನಿಕೃಷ್ಣಮ್ಮ ಅಲ್ಲಿಂದಲೇ ಹೇಳಿದಳು, "ಅಲ್ಲ ಗುರುಪಾದಣ್ಣ, ದಿನ ಬೆಳಗಾದ್ರೆ ಗಾಲಿ ಕಾರ್ಖಾನೆಗೆ ಓಗ್ತೀಯ. ಗಾಲಿ ಕುರ್ಚಿ ಕೇಳಕ್ಕೆ ನಾಚ್ಕೋತೀಯ?"

ಎಲ್ಲರೂ ನಕ್ಕರು. ಗುರುಪಾದಪ್ಪನೂ ನಕ್ಕ, ನಕ್ಕಮೇಲೆ ಒಪ್ಪದೆ ವಿಧಿಯಿರಲಿಲ್ಲ. ಆದರೂ ಒಂದು ಷರತ್ತು ಹಾಕಿದ. ಆರೋಗ್ಯ ಕೇಂದ್ರದ ಡಾಕ್ಟರು ಸರಿ ಅಂದರೆ ಮಾತ್ರ. ಅದು ತಪ್ಪಲ್ಲ, ಬುದ್ಧಿವಂತಿಕೆಯೇ. ಗಂಗಾದೇವಿ ಕರೆದುಕೊಂಡು ಹೋದಳು. ಡಾಕ್ಟರು ಎದೆ, ಕಾಲು, ಬಿ.ಪಿ. ಎಲ್ಲ ನೋಡಿ, "ನೀರು ಕುಡೀತೀನಿ ಅಂತ ಮಾತು ಕೊಟ್ಟರೆ ಹೋಗಬಹುದು" ಎಂದರು. ಹಳದಿ ಜ್ವರದ ಚುಚ್ಚುಮದ್ದಿನ ವಿಷಯವನ್ನೂ ಅವರೇ ವಿಚಾರಿಸಿ ಎಲ್ಲಿ ಹಾಕಿಸಬೇಕೆಂದು ಹೇಳಿದರು.

ಆಮೇಲೆ ಶುರುವಾಯಿತು ನೋಡಿ ತಾಲೀಮು. ಗುರುಪಾದಪ್ಪನ ಹಜಾರದಲ್ಲಿ ಮೂರು ಕುರ್ಚಿ ಒತ್ತೊತ್ತಾಗಿ ಇಟ್ಟೆವು. ನಡುವೆ ಶರಣವ್ವ, ಆಕಡೆ ಈಕಡೆ ನಾವು. ಪಾದ ಆಡಿಸುವುದು ಹೇಗೆಂದು ಗಂಗಾದೇವಿ ತೋರಿಸಿದಳು. ಶರಣವ್ವನವರು ಒಂದು ಸಲ ನೋಡಿ, "ಕಾಲೀಲೆ ಬೀಸುಕಲ್ಲು ತಿರುವಿದಂಗ, ಹೌದಲ್ಲ?" ಎಂದು ಹಿಮ್ಮಡಿ ಊರಿ ಪಾದ ತಿರುಗಿಸಲು ಹಿಡಿದರು. ಮೆಲ್ಲಗೆ ಬೀಸುವ ಹಾಡೂ ಬಂತು. ಎಷ್ಟು ಹೊತ್ತಿಗೊಮ್ಮೆ ಮಾಡಬೇಕೆಂದು ಅವರಿಗೆ ಗಡಿಯಾರ ಬೇಕಾಗಲಿಲ್ಲ, ಒಂದು ಸೇರು ಜೋಳ ಬೀಸುವಷ್ಟು ಹೊತ್ತು ಕೂತರೆ ಒಂದು ಸಲ ಏಳುವುದು ಎಂದು ಅವರೇ ಲೆಕ್ಕ ಹಾಕಿಕೊಂಡರು.

ಗಂಗಾದೇವಿಯ ಮನೆಯಲ್ಲಿ ಅವಳ ಅತ್ತೆಯ ಮಂಡಿ ನೋವಿಗೆಂದು ಕುರ್ಚಿಯ ಹಾಗೆ ಕೂರುವ ಕಕ್ಕಸು ಮಾಡಿಸಿದ್ದರು. ವಿಮಾನದಲ್ಲಿ ಇರುವುದೂ ಅದೇ ಥರ, ಇನ್ನೂ ಚಿಕ್ಕದು. ಅಲ್ಲಿ ಅಭ್ಯಾಸ ನಡೆಯಿತು. ಮೊದಲ ದಿನ ಕಚ್ಚೆ ಸೀರೆಯಲ್ಲಿ ಒಳಗೆ ಹೋದ ಶರಣವ್ವ ಬೆವರಿ, ಬೈದುಕೊಂಡು ಹೊರಬಂದರು. ಮರುದಿನ ಕಚ್ಚೆ ಇಲ್ಲದೆ ಸೀರೆ ಸುತ್ತಿಕೊಂಡು ಬಂದರು. "ಪ್ರಯಾಣ ಮುಗಿಯೂ ತನಕ ಅಷ್ಟ. ದೇವರೇನ ವಿಮಾನದಾಗ ಕಚ್ಚಿ ಎಣಸಕೊಂತ ಕುಂದ್ರಂಗಿಲ್ಲ," ಎಂದರು. ಬಾಗಿಲಿನ ಅಗುಳಿ ಹಾಕಲು ಅವರಿಗೆ ಹೆದರಿಕೆ ಇತ್ತು. ವಿಮಾನದಲ್ಲಿ ಅಗುಳಿ ಹಾಕಿದರೇನೇ ಒಳಗೆ ದೀಪ ಚೆನ್ನಾಗಿ ಹತ್ತುವುದು, ಹಾಕದಿದ್ದರೆ ಹೊರಗಿನವರು ಯಾರೂ ಇಲ್ಲವೆಂದು ಬಾಗಿಲು ತೆಗೆಯುತ್ತಾರೆ ಎಂದು ಗಂಗಾದೇವಿ ಹೇಳಿದ ಮೇಲೆ ಅದನ್ನೂ ಹತ್ತು ಸಲ ಹಾಕಿ ತೆಗೆದು ಕಲಿತರು.

ಗುರುಪಾದಪ್ಪನಿಗೂ ಗಂಗಾದೇವಿ ಹೇಳಿದಳು, "ನೀವೂ ಒಂದ್ಸಲ ಅಭ್ಯಾಸ ಮಾಡಿ. ನೀವೂ ನೀರು ಕುಡೀಬೇಕು, ಓಡಾಡ್ಬೇಕು."

"ನಾನಾ? ನಂಗೇನ್ ವಯಸ್ಸಾಗಿದ್ಯಾ?" ಎಂದ ಅವನು. ಇದನ್ನು ಸ್ವಲ್ಪ ಮನಸ್ಸಿನಲ್ಲಿಟ್ಟುಕೊಳ್ಳಿ.

ಹೊರಡುವ ದಿನ ಬೀದಿಯೆಲ್ಲ ಬಂದು ಬೀಳ್ಕೊಟ್ಟಿತು. ವಿಮಾನದಲ್ಲಿ ನಡೆದದ್ದನ್ನು ಶರಣವ್ವನವರೇ ಊರಿಗೆ ಮರಳಿದ ಮೇಲೆ ನಮ್ಮ ಮಹಿಳಾ ಮಂಡಲದಲ್ಲಿ ಎದ್ದು ನಿಂತು ಹೇಳಿದರು. ಗುರುಪಾದಪ್ಪನೂ ಹೇಳಿದ, ಆದರೆ ಅವನ ಕಥೆ ಬಹಳ ಚುಟುಕು. ಕಾರಣ ಈಗ ತಿಳಿಯುತ್ತದೆ.

ವಿಮಾನದಲ್ಲಿ ಗುರುಪಾದಪ್ಪ ಕಿಟಕಿಯ ಪಕ್ಕ, ಅವ್ವ ನಡುವೆ, ಈಚೆ ಕಡೆ ಒಬ್ಬ ಗುಜರಾತಿ ವ್ಯಾಪಾರಿ. ಗಂಗಾದೇವಿ ಹೇಳಿದ ಹಾಗೇ ಅವ್ವ ನಡೆದುಕೊಂಡರು. ಬಾಯಾರಿಕೆ ಆಗುವ ಮೊದಲೇ ಗುಟುಕು ಗುಟುಕಾಗಿ ನೀರು. ಗಗನಸಖಿಯನ್ನು "ತಂಗೀ, ನೀರ" ಎಂದು ಕನ್ನಡದಲ್ಲೇ ಕರೆದರು. ನೀರಿನ ಭಾಷೆ ಎಲ್ಲರಿಗೂ ತಿಳಿಯುತ್ತದೆ, ಆಕೆ ತಂದು ಕೊಟ್ಟಳು. ಪಾದ ಬೀಸುಕಲ್ಲು ತಿರುವಿತು. ಹೊತ್ತಿಗೆ ಸರಿಯಾಗಿ ಎದ್ದರು, ವ್ಯಾಪಾರಿಗೆ ಕೈಮುಗಿದು ದಾರಿ ಬಿಡಿಸಿಕೊಂಡು, ಉದ್ದಕ್ಕೂ ನಡೆದು ಹಿಂದಿನ ತನಕ ಹೋಗಿ ಬಂದರು. ಕಕ್ಕಸಿಗೆ ಹೋದರು, ಅಗುಳಿ ಹಾಕಿದರು, ದೀಪ ಹತ್ತಿತು, ಕೈ ತೊಳೆದು ಬಂದು ಕೂತರು. ಮೂರನೇ ಸಲಕ್ಕೆ ಆ ವ್ಯಾಪಾರಿಯೂ ಅವರ ಹಿಂದೆ ಎದ್ದು ಕಾಲಾಡಿಸಲು ಶುರುಮಾಡಿದನಂತೆ.

ಗುರುಪಾದಪ್ಪ? ಹೊಸ ಕೋಟು, ಹೊಸ ಬಿಗಿ ಬೂಟು. ಏಳಬೇಕೆಂದರೆ ಇಬ್ಬರನ್ನು ಏಳಿಸಬೇಕು, ಅದು ಅವನಿಗೆ ಮುಜುಗರ. ಅದಕ್ಕೆ ಏನು ಮಾಡಿದ ಹೇಳಿ? ಬಾಯಿ ಕಟ್ಟಿದ. ಅವ್ವ ನೀರು ಕೊಟ್ಟರೆ "ನೀ ಕುಡಿ ಅವ್ವ, ನನಗ ಬ್ಯಾಡ" ಎಂದ. ಅವ್ವನನ್ನು ಎಷ್ಟು ವರ್ಷ ಬೈದಿದ್ದನೋ ಅದನ್ನೇ ತಾನು ಮಾಡುತ್ತಿದ್ದೇನೆ ಎಂದು ಅವನಿಗೆ ಹೊಳೆಯಲೇ ಇಲ್ಲ.

ವಿಮಾನ ನೈರೋಬಿಯಲ್ಲಿ ಇಳಿಯಿತು. ಜನ ಇಳಿಯಲು ಎದ್ದರು. ಶರಣವ್ವನವರು ಮಗನನ್ನು ಈಚೆಗೆ ಸರಿಸಿ, ತಾವು ಕಿಟಕಿಗೆ ಮೂಗು ಹಚ್ಚಿ ಕೂತುಬಿಟ್ಟರು. ಸ್ವಲ್ಪ ಹೊತ್ತಿಗೆ ಒಂದು ಗಾಡಿ ಬಂದು ಹಿಂದೆ ನಿಂತಿತು. ಒಬ್ಬ ಇಳಿದು ದಪ್ಪ ಪೈಪು ಎಳೆದು ವಿಮಾನದ ಹೊಟ್ಟೆಗೆ ಸಿಕ್ಕಿಸಿದ.

"ಗುರುಪಾದಾ, ನೋಡ, ಬಂತು ಗಾಡಿ. ಗಂಗಾದೇವಿ ಹೇಳಿದ್ದು ಖರೇ," ಎಂದರು. ಅವತ್ತು ತಮ್ಮ ತಮ್ಮನ ನೆನಪಾಗಿ ಕಣ್ಣು ತುಂಬಿ ಬಂತು ಎಂದು ನಮಗೆ ಹೇಳಿದರು. ಅವನು ಬದುಕಿದ್ದರೆ ಅವನಿಗೆ ಇದನ್ನು ಹೇಳಬಹುದಿತ್ತು ಎಂದರು.

ಮಗನ ಕಡೆ ತಿರುಗಿ ನೋಡಿದರೆ ಗುರುಪಾದಪ್ಪ ಎದ್ದು ನಿಂತಿದ್ದಾನೆ, ಮುಖ ಬಿಳುಪೇರಿದೆ. ಮುಂದಿನ ಸೀಟು ಹಿಡಿದುಕೊಂಡು ಹಾಗೇ ಕುಸಿದು ಕೂತ. ಕಾಲು ಊದಿ, ಬಿಚ್ಚಿಟ್ಟಿದ್ದ ಬೂಟು ಮತ್ತೆ ಒಳಗೆ ಹೋಗಲೇ ಒಲ್ಲದು.

ಶರಣವ್ವನವರು ಕಂಗಾಲಾಗಲಿಲ್ಲ. ಕೈಚೀಲದಲ್ಲಿ ಗಂಗಾದೇವಿ ಕಟ್ಟಿಕೊಟ್ಟ ಉಪ್ಪು ಸಕ್ಕರೆಯ ಪೊಟ್ಟಣ ಇತ್ತು. ಗಗನಸಖಿಯಿಂದ ನೀರು ಇಸಿದುಕೊಂಡು ಕದಡಿ ಮಗನಿಗೆ ಗುಟುಕು ಗುಟುಕಾಗಿ ಕುಡಿಸಿದರು, ಚಿಕ್ಕವನಿದ್ದಾಗ ಕುಡಿಸಿದ ಹಾಗೇ. ಆ ಹೊತ್ತಿಗೆ ವಿಮಾನದ ಬಾಗಿಲಿಗೆ ಗಾಲಿ ಕುರ್ಚಿ ಬಂತು, ಶರಣವ್ವನವರ ಹೆಸರು ಹೇಳಿಕೊಂಡು. ತಳ್ಳುವವನು ಅವರ ಕಡೆ ನೋಡಿ ಕೂರಲು ಸನ್ನೆ ಮಾಡಿದ.

ಶರಣವ್ವನವರು ಮಗನನ್ನು ತೋರಿಸಿದರು. "ಕೂಡು."

"ಅವ್ವಾ, ಇದು ನಿನ್ನ ಸಲುವಾಗಿ ತರಿಸಿದ್ದು..."

"ಕೂಡೋ ಅಂದ್ರ ಕೂಡು. ನಾ ಬೇಕಾದ್ರ ನೂಕತೀನಿ."

ಹೀಗೆ ನೈರೋಬಿಯ ನಿಲ್ದಾಣದಲ್ಲಿ ಅರವತ್ತೆಂಟರ ತಾಯಿ ಇಳಕಲ್ ಸೀರೆಯುಟ್ಟು ನೆಟ್ಟಗೆ ನಡೆದರು, ಒಂದು ಕೈಯಲ್ಲಿ ಮಗನ ಹೊಸ ಬೂಟು ಹಿಡಿದುಕೊಂಡು. ಪಕ್ಕದಲ್ಲಿ ಕೋಟು ತೊಟ್ಟ ಮಗ ಗಾಲಿ ಕುರ್ಚಿಯಲ್ಲಿ ಹೋದ. ಅಲ್ಲಿನ ನರ್ಸು ನೋಡಿ, ಭಯವೇನಿಲ್ಲ, ನೀರು ಸಾಲದೆ ಹೀಗಾಗಿದೆ ಎಂದಳು. ಕಾಯುವ ಅರ್ಧ ದಿನವೂ ಶರಣವ್ವನವರು ಅವನಿಗೆ ನೀರು ಕುಡಿಸಿದರು, ಎಬ್ಬಿಸಿ ನಡೆಸಿದರು. ಎರಡನೇ ವಿಮಾನದಲ್ಲಿ ತಾಯಿ ಎದ್ದಾಗಲೆಲ್ಲ ಮಗನೂ ಎದ್ದ. ಮುಜುಗರ ನೈರೋಬಿಯಲ್ಲೇ ಉಳಿದಿತ್ತು.

ಲುಸಾಕಾದಲ್ಲಿ ಅಳಿಯ ಬಂದು ಮನೆಗೆ ಕರೆದೊಯ್ದ. ದಾನವ್ವ ಏಳುವಂತಿರಲಿಲ್ಲ. ಹಾಸಿಗೆಯಲ್ಲಿ ದಿಂಬಿಗೆ ಒರಗಿ ಬಾಗಿಲ ಕಡೆಗೇ ನೋಡುತ್ತಿದ್ದಳು. ಯಶವಂತಪುರದಲ್ಲಿ ಅವ್ವ ಬಿದ್ದದ್ದು ಅವಳಿಗೆ ಗೊತ್ತಾಗಿತ್ತು. ಬರುತ್ತಾರೋ ಇಲ್ಲವೋ, ಬಂದರೂ ಎತ್ತಿಕೊಂಡು ತರಬೇಕಾಗುತ್ತದೋ ಏನೋ ಎಂದು ಹೆದರಿದ್ದಳು. ಶರಣವ್ವನವರು ಹೊಸಿಲಲ್ಲಿ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಯಾರ ಕೈಯೂ ಹಿಡಿಯದೆ ಮಂಚದ ತನಕ ನಡೆದು ಹೋದರು.

"ಅವ್ವಾ, ಹೆಂಗ ಬಂದಿ?" ಎಂದು ದಾನವ್ವ ಅತ್ತಳು.

"ನಡಕೊಂತ ಬಂದೆ," ಎಂದರು ತಾಯಿ. ಮಗಳ ತಲೆ ಎದೆಗೆ ಒತ್ತಿಕೊಂಡರು.

ದಿನ ತುಂಬಿ ದಾನವ್ವನಿಗೆ ಹೆಣ್ಣು ಮಗು ಆಯಿತು. ತಾಯಿ ಮಗು ಇಬ್ಬರೂ ಕ್ಷೇಮ. ಎಣ್ಣೆ ಹಚ್ಚಿ ಮೊದಲ ನೀರು ಎರೆದದ್ದು ಅಜ್ಜಿಯ ಕೈಯೇ. ಆ ಕೈಯಿಂದ ಕೂಸನ್ನು ಎತ್ತಿಕೊಳ್ಳಲು ಅವರಿಗೆ ಯಾವ ಅಳುಕೂ ಇರಲಿಲ್ಲ.

ಓದಿದಿರಲ್ಲ, ಕೇಳಿದಿರಲ್ಲ? ಇನ್ನು ನಿಮ್ಮ ಸರದಿ. ಹಿರಿಯರೊಂದಿಗೆ ದೂರದ ಪ್ರಯಾಣ ಹೊರಡುವ ಮೊದಲು ಡಾಕ್ಟರಿಗೆ ತೋರಿಸಿ. ಹೃದಯದ, ಮೂತ್ರಪಿಂಡದ ತೊಂದರೆ ಇದ್ದವರು ಎಷ್ಟು ನೀರು ಕುಡಿಯಬೇಕೆಂದು ಅವರನ್ನೇ ಕೇಳಿ. ಮಾತ್ರೆ ಕೈಚೀಲದಲ್ಲಿರಲಿ. ಗಾಲಿ ಕುರ್ಚಿ ಕೇಳಲು ನಾಚಬೇಡಿ. ಬಸ್ಸಾಗಲಿ ರೈಲಾಗಲಿ ವಿಮಾನವಾಗಲಿ, ನೀರು ಕುಡಿಯಿರಿ, ಎದ್ದು ಓಡಾಡಿ, ನಿಮಗೆ ಎಷ್ಟೇ ವಯಸ್ಸಾಗಿರಲಿ ಅಥವಾ ಆಗಿಲ್ಲದಿರಲಿ.

ಇನ್ನೂ ಒಂದು ಕೆಲಸ ಇದೆ, ಇದಕ್ಕೆ ಟಿಕೆಟ್ಟೂ ಬೇಡ, ಪಾಸ್‌ಪೋರ್ಟೂ ಬೇಡ. ನಿಮ್ಮ ಮನೆಯಲ್ಲೂ ಬಾಯಿ ಕಟ್ಟಿ ಪ್ರಯಾಣ ಮಾಡುವ ತಾಯಿಯೋ ಅತ್ತೆಯೋ ಇರುತ್ತಾರೆ. ಇವತ್ತೇ ಅವರ ಪಕ್ಕದಲ್ಲಿ ಕೂತು, ಯಾಕೆ ಕುಡಿಯುವುದಿಲ್ಲ ಎಂದು ಕೇಳಿ. ಅವರು ಹೇಳಿ ಮುಗಿಸುವ ತನಕ ನಗಬೇಡಿ, ಬೈಯಬೇಡಿ. ಹೇಳಿದ ಮೇಲೆ ಕೈಗೆ ನೀರು ಕೊಡಿ.